ಕಿರುಬೆರಳಿನ ಉಗುರು

"ಅವನು ಕತ್ತರಿ ಕೈಗೆತ್ತಿಕೊಂಡ. ಹುಡುಗಿಯ ಕಿರುಬೆರಳು ಹಿಡಿದ. ಆಮೇಲೆ..."

ಓದುವವಳು ನಿಲ್ಲಿಸಿದಳು. ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಬಾಯಿಗೆ ಬರಲಿಲ್ಲ.

"ಆಮೇಲೆ?" ಎಂದರು ಅಜ್ಜಿ, ದಿಂಬಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ.

"ಆಮೇಲೆ... ಉಗುರು ಕತ್ತರಿಸಿದ."

"ಉಗುರು."

"ತುಂಬ ಬೆಳೆದಿತ್ತಂತೆ ಅಜ್ಜಿ."

ಓದುವವಳು ಪುಟ ತಿರುಗಿಸಿದಳು. ಅಪಹರಣಕಾರ ಕತ್ತರಿಸಿದ್ದನ್ನು ಡಬ್ಬಿಯಲ್ಲಿಟ್ಟು ಹುಡುಗಿಯ ಅಪ್ಪನಿಗೆ ಕಳಿಸಿದ್ದ. ಅಪ್ಪ ಡಬ್ಬಿ ತೆರೆದು ಮೂರ್ಛೆ ಹೋದ.

"ಉಗುರು ನೋಡಿ ಮೂರ್ಛೆ ಹೋದನಾ?"

"ಬಹಳ ಮೃದು ಮನಸ್ಸಿನವರು ಅಂತ ಕಾಣುತ್ತೆ."

ಬೇರೆ ದಾರಿ ಇರಲಿಲ್ಲ. ಕೆಲಸಕ್ಕೆ ಸೇರಿಸಿಕೊಂಡ ದಿನವೇ ಅಜ್ಜಿಯ ಮಗಳು ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು: "ಅಮ್ಮಂಗೆ ಕಣ್ಣು ಕಾಣಲ್ಲ, ಬೆರಳು ಮಡಚೋಕಾಗಲ್ಲ, ಎದೆ ಮೊದಲೇ ಸರಿಯಿಲ್ಲ. ಬೆಚ್ಚಿಬೀಳೋ ಅಂಥದ್ದೇನೂ ಓದಬೇಡಿ. ಓದಿದ್ದು ಗೊತ್ತಾದ್ರೆ ಅವತ್ತೇ ನಿಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ. ಇನ್ನೊಂದು, ಅವರು ಹೇಳಿದ್ದೆಲ್ಲ ನಂಬ್ಕೋಬೇಡಿ. ಕಥೆ ಕಟ್ಟೋದು ಅಂದ್ರೆ ಅವರಿಗೆ ಊಟನೂ ಬೇಡ."

ಮಗಳು ಆಫೀಸಿಗೆ ಹೊರಟದ್ದೇ ತಡ, ಅಜ್ಜಿ ದಿಂಬಿನಡಿಯಿಂದ ಈ ಪುಸ್ತಕ ಎಳೆದಿದ್ದರು. ರಟ್ಟು ಕಿತ್ತುಹೋಗಿತ್ತು, ಮೊದಲ ಹಾಳೆಗಳೂ ಇರಲಿಲ್ಲ. "ಇದನ್ನ ಓದು. ಬೇರೆ ಏನಾದ್ರೂ ಓದಿ ನಂಗೆ ನಿದ್ದೆ ಬರಿಸಿದ್ರೆ ನಾಳೆಯಿಂದ ಬರಬೇಡ."

ಓದಿದರೆ ಮಗಳು ಕಳಿಸುತ್ತಾಳೆ, ಓದದಿದ್ದರೆ ತಾಯಿ. ಹಾಗಾಗಿ ನೆಲಮಾಳಿಗೆ ಗಾಳಿ ಬೆಳಕಿನ ಕೋಣೆಯಾಯಿತು. ಉಪವಾಸ ಪಥ್ಯವಾಯಿತು. ಹುಡುಗಿಯ ಕೈಕಾಲು ಬಿಗಿದ ಹಗ್ಗದ ಮೇಲೆ ಅಪಹರಣಕಾರ ಬಟ್ಟೆ ಒಣಹಾಕಿದ.

ಪುಸ್ತಕ ಕಂಡರೆ ಓದುವವಳಿಗೆ ಮೈ ಉರಿಯುತ್ತಿತ್ತು. ಬಿಡಲೂ ಆಗುತ್ತಿರಲಿಲ್ಲ. ಟೀ ಮಾಡುವ ನೆಪದಲ್ಲಿ ಅದನ್ನು ಅಡುಗೆಮನೆಗೆ ಒಯ್ದು, ಮುಂದಿನ ಅಧ್ಯಾಯವನ್ನು ಒಂದಕ್ಷರ ಬಿಡದೆ ನಿಂತಲ್ಲೇ ನುಂಗುತ್ತಿದ್ದಳು. ಒಂದು ದಿನ ಹಾಲು ಉಕ್ಕಿ ಒಲೆ ಆರಿತು.

"ಹಾಲು ಉಕ್ಕಿತಾ?" ಒಳಗಿನಿಂದ ಅಜ್ಜಿಯ ದನಿ. ಯಾಕೋ ತುಂಬ ಸಂತೋಷದ ದನಿ.

"ಎಂಥ ಹೊಲಸು ಪುಸ್ತಕ ಅಜ್ಜಿ ಇದು. ಬರೆದವನ ಕೈ ಸೇದಿಹೋಗ."

"ಅದು ಯಾವಾಗಲೋ ಹೋಗಿದೆ ಬಿಡು" ಎಂದರು ಅಜ್ಜಿ, ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು.

ಮಾರನೆಯ ದಿನ ಹುಡುಗಿ ಗೋಣಿಚೀಲದೊಳಗೆ ಸೀನಿದಳು. ಆ ಸಾಲಿನಲ್ಲಿ ರಕ್ತವಿರಲಿಲ್ಲ. ಓದುವವಳು ಇದ್ದ ಹಾಗೇ ಓದಿದಳು.

"ಸೀನು ಬಂದೇ ಬರುತ್ತೆ" ಎಂದರು ಅಜ್ಜಿ. "ಗೋಣಿ ಧೂಳು ಅಂಥದ್ದು. ನಮ್ಮವರನ್ನ ಹಾಕಿ ನೋಡಿದ್ದೆ."

"ಯಾರನ್ನ?"

ಅಜ್ಜಿ ಗೋಡೆಯ ಫೋಟೋದತ್ತ ಗಲ್ಲ ಎತ್ತಿದರು. ತೀರಿಕೊಂಡ ಯಜಮಾನರು. ಕೊಂಚ ಗಾಬರಿಯಾದ ಮುಖ. "ದೇವರಂಥ ಮನುಷ್ಯ. ಬಾಯಿಗೆ ಬಟ್ಟೆ ತುರುಕಿದ್ರೂ ಬೇಜಾರು ಮಾಡ್ಕೊಳ್ತಿರಲಿಲ್ಲ. ಅವರು ಹೋದ ಮೇಲೆ ಆ ಕೆಲಸಕ್ಕೆ ಇನ್ನೊಬ್ಬರು ಸಿಗಲೇ ಇಲ್ಲ ನೋಡು."

ಓದುವವಳು ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡಳು. ಚಪ್ಪಲಿಗಳನ್ನು ಬೀದಿಗೆ ಮುಖ ಮಾಡಿ ಇಟ್ಟುಬಂದಳು. ಇನ್ನು ಈ ಮನೆಗೆ ಕಾಲಿಡಬಾರದು ಅಂದುಕೊಂಡಳು. ಆದರೆ ಕೊನೆಯ ಅಧ್ಯಾಯ ಬಾಕಿಯಿತ್ತು. ಮತ್ತೆ ಬಂದಳು.

ಆ ಅಧ್ಯಾಯವನ್ನು ಅಡುಗೆಮನೆಯಲ್ಲಿ ಓದಿ ಮುಗಿಸುವಷ್ಟರಲ್ಲಿ ಟೀ ತಣ್ಣಗಾಗಿತ್ತು, ಅವಳ ಮೂಗು ಕೆಂಪಾಗಿತ್ತು. ಹುಡುಗಿ ಬದುಕಲಿಲ್ಲ. ನೆಲಮಾಳಿಗೆಯ ಬಾಗಿಲು ಮುಚ್ಚಿತು, ಮತ್ತೆ ಯಾರೂ ತೆರೆಯಲಿಲ್ಲ. ಅಷ್ಟೇ. ಇದನ್ನು ಅಜ್ಜಿಯ ಎದೆ ತಡೆಯುವುದು ಹೇಗೆ? ಅವಳ ಎದೆಯೇ ತಡೆದಿರಲಿಲ್ಲ.

ಹೋಗಿ ಕೂತಳು. ಗಂಟಲು ಸರಿಮಾಡಿಕೊಂಡಳು.

"ಬಾಗಿಲು ತೆರೆದೇ ಇತ್ತು. ಅಪಹರಣಕಾರ ತಪ್ಪಾಯಿತು ಅಂದ. ಹುಡುಗಿಯನ್ನು ಬಸ್‌ಸ್ಟಾಪಿನವರೆಗೆ ಬಿಟ್ಟುಬಂದ. ಅವಳಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಬಸ್ಸು ಹೊರಟಾಗ ಅವಳು ಕೈ ಬೀಸಿದಳು. ಬೆರಳುಗಳೆಲ್ಲ ಕ್ಷೇಮವಾಗಿದ್ದವು." ಪುಸ್ತಕ ಮುಚ್ಚಿದಳು. "ಮುಗೀತು ಅಜ್ಜಿ."

ಅಜ್ಜಿ ಎದ್ದರು. ಗೋಡೆ ತಡವುತ್ತ ಬಂದು, ಅವಳ ಕುರ್ಚಿಯನ್ನು ದಾಟಿ, ಬಾಗಿಲಿನ ಚಿಲಕವನ್ನು ಅಂಗೈಯಿಂದ ದೂಡಿ ಹಾಕಿದರು.

"ಇನ್ನು ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ಓದುವವಳು ಎದ್ದು ನಿಂತಳು. ಫೋಟೋದ ಯಜಮಾನರು ಅವಳನ್ನೇ ನೋಡುತ್ತಿದ್ದರು. "ಅಜ್ಜಿ, ನಾನು ಯಾರಿಗೂ ಹೇಳಲ್ಲ."

"ಮೇಜಿನ ಮೇಲೆ ಹಾಳೆ, ಪೆನ್ನು ಇದೆ, ತಗೊಂಡು ಕೂತ್ಕೋ" ಎಂದರು ಅಜ್ಜಿ. "ಕೊನೇ ಪುಟದಲ್ಲಿ ಅವಳನ್ನ ಸಾಯಿಸಿಬಿಟ್ಟು, ಎರಡನೇ ಭಾಗ ಹೇಗಪ್ಪಾ ಬರೆಯೋದು ಅಂತ ನಾನು ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ. ನೀನು ನೋಡಿದ್ರೆ ಸೀದಾ ಬಸ್ಸು ಹತ್ತಿಸಿಬಿಟ್ಟೆ."