ಹದಿಮೂರನೆಯ ಹೆಸರು

ನಕ್ಷತ್ರಗಳು ಹಿಂಡುಹಿಂಡಾಗಿ ಹುಟ್ಟುವ ಗ್ಯಾಲಕ್ಸಿಯೊಂದರ ಸುಡುಸುಡು ಅನಿಲದಲ್ಲಿ, ಆಕಾಶಕ್ಕೆ ಹಾರಿಸಿದ್ದ ಎಕ್ಸ್‌ರೇ ಕ್ಯಾಮೆರಾ ಲೆಕ್ಕ ಮೀರಿದ ನಿಕ್ಕಲ್ ಪತ್ತೆಮಾಡಿತ್ತು. ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧದ ಮೇಲೆ ಹನ್ನೆರಡು ಮಂದಿ ವಿಜ್ಞಾನಿಗಳ ಹೆಸರು. ಕ್ಯಾಮೆರಾದ ಪೆಟ್ಟಿಗೆ ಜೋಡಿಸಿದ್ದ ಫಿಟ್ಟರ್ ಚೌಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ನೇರ ತಂಡದ ಮುಖ್ಯಸ್ಥೆಯ ಕೋಣೆಗೆ ನುಗ್ಗಿದ.

“ನನ್ ಹೆಸರೆಲ್ಲಿ ಮೇಡಂ? ಎಂಟನೇ ಕ್ಲಾಸ್ ಫೇಲು ಅಂತ ತಾನೆ ಬಿಟ್ಟಿದ್ದು?”

“ನಾವು ಬರೆದುಕೊಟ್ಟ ಹಾಗೆ ನೀನು ತಿರುಪು ಬಿಗಿದೆ. ಅದ್ರಲ್ಲಿ ನಿನ್ ತಲೆ ಏನಪ್ಪಾ ಓಡ್ತು?”

“ಓಡ್ಲಿಲ್ವಾ? ನೀವು ಕೊಟ್ಟ ತಿರುಪೆಲ್ಲ ಮಂಕು ಹಿಡಿದಿದ್ವು. ಆಕಾಶಕ್ಕೆ ಹೋಗೋ ಪೆಟ್ಟಿಗೆ, ಫಳಫಳ ಅನ್ಲಿ ಅಂತ ಒಳಗೆಲ್ಲ ನಿಕ್ಕಲ್ ಪಾಲಿಶ್ ತಿರುಪು ಹಾಕ್ದೋನು ಯಾರು? ಈ ದಡ್ಡನೇ ಅಲ್ವಾ?”

ಮೇಡಂ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವನ ಹೆಸರು ಬಂದೇಬಿಟ್ಟಿತು: “ತಿದ್ದುಪಡಿ. ಆ ನಿಕ್ಕಲ್ ಗ್ಯಾಲಕ್ಸಿಯದಲ್ಲ, ಫಿಟ್ಟರ್ ಚೌಡಪ್ಪನದು.”