ಸ್ಟೇಷನ್ ರಸ್ತೆಯ ಸ್ವಿಸ್ ಗಡಿಯಾರ

ಚಂದ್ರಾಮಪ್ಪ ತನ್ನ ಗಡಿಯಾರದ ಅಂಗಡಿ ತೆರೆದು ಊದುಬತ್ತಿ ಹಚ್ಚುತ್ತಿದ್ದ. ಕಲ್ಲು ಪಾಲಿಶ್ ಮಾಡುವ ಮಶಾಕ ಒಳಗೆ ನುಗ್ಗಿ, ಶೋಕೇಸಿನ ಮೇಲಿದ್ದ ಗಾಜಿನ ಲೋಟಕ್ಕೆ ಕೈಹಾಕಿ ನೀರನ್ನೆಲ್ಲ ಚೆಲ್ಲಿದ. ಅದರೊಳಗಿದ್ದ ಕೈಗಡಿಯಾರವನ್ನು ಎದೆಗವಚಿಕೊಂಡು ಓಡಿದ.

ಅದು ಅಂತಿಂಥ ಗಡಿಯಾರವಲ್ಲ, ಸ್ವಿಸ್ ಮಾಲು. ಮುಂಬಯಿಯಿಂದ ಬಂದಿದ್ದ ಕಂಪನಿಯ ಏಜೆಂಟ ಹಿಂದಿನ ದಿನವಷ್ಟೇ ಅದನ್ನು ಕೈಯಾರೆ ನೀರಲ್ಲಿ ಮುಳುಗಿಸಿ, ಹಿಂದೆ ಸೂಟುಬೂಟಿನ ಸಾಹೇಬನ ಚಿತ್ರ ತೂಗುಹಾಕಿದ್ದ. "ನೀರಲ್ಲೂ ನಡೆಯುತ್ತೆ ಅಂತ ನೀವು ಹೇಳಲೇಬೇಡಿ. ಜನ ನೋಡಲಿ. ಇದನ್ನು ಕಟ್ಟಿದವನೇ ದೊಡ್ಡ ಮನುಷ್ಯ ಅಂತ ಅವರೇ ತಿಳಿದುಕೊಳ್ಳುತ್ತಾರೆ" ಎಂದು ಪಾಠವನ್ನೂ ಹೇಳಿದ್ದ. ಶಹಾಬಾದದ ಜನ ಬಾಯಿ ಬಿಟ್ಟುಕೊಂಡು ನೋಡಿದ್ದು ನಿಜ. ಕೊಂಡವರು ಮಾತ್ರ ಯಾರೂ ಇಲ್ಲ.

ಸ್ಟೇಷನ್ ರಸ್ತೆಯಲ್ಲಿ ಮಶಾಕನನ್ನು ಹಿಡಿದವನೂ ಆ ಏಜೆಂಟನೇ. "ಕಳ್ಳ! ಪೊಲೀಸರನ್ನು ಕರೀರಿ!" ಎಂದು ಬೊಬ್ಬೆ ಹೊಡೆಯುತ್ತಿದ್ದ. ಚಂದ್ರಾಮಪ್ಪ ಓಡಿ ಬಂದು ಮಶಾಕನ ಮುಖ ನೋಡಿದ. ಕಣ್ಣಿನ ಪಾಪೆ ಅಗಲವಾಗಿತ್ತು, ತುಟಿ ಒಣಗಿ ಬಿರಿದಿತ್ತು, ಒಂದು ಕೈ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿತ್ತು.

"ಕಳ್ಳರ ಕಣ್ಣು ಹಿಂಗ ಇರಂಗಿಲ್ರಿ. ಠಾಣೆ ಆಮ್ಯಾಲ, ಮೊದಲ ದವಾಖಾನಿಗಿ ನಡೀರಿ" ಎಂದವನೇ ಟಾಂಗಾ ಕೂಗಿದ.

ಸುದ್ದಿ ತಿಳಿದು ದವಾಖಾನೆಗೆ ಓಡಿ ಬಂದ ಮಶಾಕನ ಹೆಂಡತಿ ಜಾನಬಿ ಅಳುತ್ತ ಎಲ್ಲ ಹೇಳಿದಳು. ಕಲ್ಲಿನ ಧೂಳು ಕುಡಿದು ಗಂಡನಿಗೆ ಉಬ್ಬಸ. ಉಸಿರು ಕಟ್ಟಿದಾಗ ಚಿಟಿಕೆಯಷ್ಟು ಸುಟ್ಟು ಹೊಗೆ ಎಳೆಯಲೆಂದು ಹಕೀಮರು ಒಣಗಿದ ದತ್ತೂರಿ ಎಲೆ ಕೊಟ್ಟಿದ್ದರು.

"ರಂಜಾನದ ಉಪಾಸದಾಗ ಹೊಗಿ ಎಳದ್ರ ರೋಜಾ ಮುರೀತದಲ್ರಿ. ಅದಕ್ಕ ಬೆಳಕಾಗೋಕ ಮೊದಲ, ಸಹರಿ ಊಟದ ಹೊತ್ತಿನಾಗ, ಅಷ್ಟೂ ಎಲಿ ಚಾದಾಗ ಕುದಿಸಿ ಕುಡಿಸೀನ್ರಿ. ದಿನಾ ಪೂರಾ ಉಸಿರು ಚಂದ ಆಡ್ಲಿ ಅಂತ ಮಾಡೀನ್ರಿ."

ಡಾಕ್ಟರು ಹೊಟ್ಟೆ ತೊಳೆಸಿ ಹೊರಬಂದರು. "ಮತಿ ಕೆಡಿಸೋ ವಿಷ ಅದು. ಇನ್ನು ಜೀವಕ್ಕೇನೂ ಭಯವಿಲ್ಲ. ಆದರೆ ಠಾಣೆಗೆ ಒಯ್ದಿದ್ದರೆ ಈ ಮನುಷ್ಯ ಅಲ್ಲೇ ಮುಗಿದುಹೋಗುತ್ತಿದ್ದ" ಎಂದರು. ಜಾನಬಿ ಚಂದ್ರಾಮಪ್ಪನಿಗೆ ಕೈ ಮುಗಿದಳು. ಬೆನ್ನಿಗೇ ಬಂದಿದ್ದ ಏಜೆಂಟ ಮಾತ್ರ ಗಡಿಯಾರವನ್ನು ಕಿವಿಗಿಟ್ಟು ಅದರ ನಾಡಿ ನೋಡುತ್ತಿದ್ದ.

ಈದ್ ಹಬ್ಬದ ದಿನ ಗಂಡ ಹೆಂಡತಿ ಇಬ್ಬರೂ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ಅಂಗಡಿಗೆ ಬಂದರು. ಮಶಾಕ ಚಂದ್ರಾಮಪ್ಪನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿರಿ ಸಾವಕಾರ್ರ? ಈ ಜೀವ ನೀವೇ ಉಳಿಸಿದ್ದು."

ಚಂದ್ರಾಮಪ್ಪ ಇಬ್ಬರನ್ನೂ ಒಳಗೆ ಕೂರಿಸಿದ. ಆಮೇಲೆ ಕೇಳಿದ, "ಅಲ್ಲೋ, ಬಾಯಿ ಅಷ್ಟು ಒಣಗಿತ್ತು. ನೀರು ಚೆಲ್ಲಿ ಗಡಿಯಾರ ಯಾಕ ತಗೊಂಡಿ?"

ಮಶಾಕ ನಾಚಿ ತಲೆ ತಗ್ಗಿಸಿದ. "ನನಗದು ಗಡಿಯಾರ ಕಾಣ್ಲಿಲ್ರಿ. ಯಾವದೋ ಕೂಸು ನೀರಾಗ ಮುಳಗಿ ಉಸಿರಿಗಿ ಒದ್ದಾಡಾಕತ್ತದ ಅಂತ ಕಾಣ್ತು. ಉಸಿರು ಸಿಗಲಾರದ ಸಂಕಟ ನನಗ ಗೊತ್ತದಲ್ರಿ."

ಜಾನಬಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. "ಎಲ್ಲಾ ನನ್ನ ತಪ್ಪ. ನಾನೇ ಕುಡಿಸೀನಿ."

ಮಶಾಕ ಅವಳ ಕಡೆ ತಿರುಗಿದ.

"ಅಳಬ್ಯಾಡ. ನಾ ಉಸಿರಾಡ್ಲಿ ಅಂತ ನೀ ಕುಡಿಸ್ದಿ. ಅದು ಉಸಿರಾಡ್ಲಿ ಅಂತ ನಾ ಓಡ್ದೆ."