ಏಳನೇ ತರಗತಿಯ ಕಂಪ್ಯೂಟರ್

“ತಪ್ಪು ಒಪ್ಪಿಕೊಂಡುಬಿಡಿ ಟೀಚರ್. ವಕೀಲರ ದೋಣಿ ಬಂದಾಯ್ತು,” ಎಂದರು ಹೆಡ್‌ಮಾಸ್ಟರ್ ಫ್ಲೋರೆನ್ಸಿಯೊ ದಿಗಾಲ್. ಬೆಳಗಿನಿಂದ ಅವರು ಕುರ್ಚಿಯಲ್ಲಿ ಕೂತದ್ದೇ ಕಡಿಮೆ. ಕಿಟಕಿಗೆ ಹೋಗುವುದು, ಕಡಲು ನೋಡುವುದು, ಬೆವರು ಒರೆಸಿಕೊಂಡು ಮತ್ತೆ ಬರುವುದು.

ಜೊವಿತಾ ಲುಮಾಯಾಗ್ ತಲೆ ಎತ್ತಲಿಲ್ಲ. “ಅದು ನನ್ನ ಕಂಪ್ಯೂಟರ್ ಅಲ್ಲ ಸರ್.”

“ನಿಮ್ಮದಲ್ಲ, ಸರ್ಕಾರದ್ದು ಅಂತ ನನಗೂ ಗೊತ್ತು. ರುಜು ಹಾಕಿ ತಗೊಂಡೋರು ಯಾರು?”

“ಇದನ್ನ ಇಲ್ಲಿಗೇ ಬಿಟ್ಟುಬಿಡೋಣ ಸರ್. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ದಿಗಾಲರಿಗೆ ಮೈ ಉರಿಯಿತು. ಮಾಡಿದ್ದೂ ಅಲ್ಲದೆ ಬೆದರಿಕೆ ಬೇರೆ.

ಆದದ್ದಿಷ್ಟು. ಕಳೆದ ಬುಧವಾರ ಅವರು ಎಂದಿನಂತೆ ಆಚೆ ದಡದ ಸಭೆಗೆ ಹೋಗಿದ್ದರು. ಇತ್ತ ಜೊವಿತಾ ಏಳನೇ ತರಗತಿಯಲ್ಲಿ ಜ್ವಾಲಾಮುಖಿ ತೋರಿಸಲೆಂದು ಕಂಪ್ಯೂಟರನ್ನು ಟಿವಿಗೆ ಜೋಡಿಸಿದರು. ಜ್ವಾಲಾಮುಖಿಯ ಬದಲು ಮೈಮೇಲೆ ನೂಲೆಳೆ ಇಲ್ಲದ ಹೆಂಗಸರು ಬಂದು ನಿಂತರು. ಸಂಜೆಯೊಳಗೆ ಸುದ್ದಿ ದ್ವೀಪ ಸುತ್ತಿತ್ತು, ಮರುದಿನ ದೂರು ಕಡಲು ದಾಟಿತ್ತು. ಈಗ ಯಾರದಾದರೂ ತಲೆದಂಡ ಆಗಲೇಬೇಕು. ಒಂದೋ ಜೊವಿತಾರ ಶಿಕ್ಷಕಿ ಪರವಾನಗಿ, ಇಲ್ಲವೇ ಮುಂದಿನ ತಿಂಗಳು ಕೈಗೆ ಬರಲಿದ್ದ ದಿಗಾಲರ ಬಡ್ತಿ.

ಆ ತಲೆ ಯಾರದೆಂಬುದರಲ್ಲಿ ದಿಗಾಲರಿಗೆ ಅನುಮಾನವೇ ಇರಲಿಲ್ಲ. ಸರ್ಕಾರಿ ಸಾಮಾನು ಕೆಟ್ಟರೆ ರುಜು ಹಾಕಿದವರ ಸಂಬಳದಿಂದ ಮುರಿದುಕೊಳ್ಳುವುದು ಇಲ್ಲಿನ ರೂಢಿ. ಶಾಲೆಗೆ ಬಂದ ಹತ್ತು ಕಂಪ್ಯೂಟರ್‌ಗಳಿಗೂ ಅವರು ಜೊವಿತಾರಿಂದಲೇ ರುಜು ಹಾಕಿಸಿದ್ದರು. “ಒಂದು ಗೀರು ಬಿದ್ದರೂ ನಿಮ್ಮ ತಲೆಗೇ,” ಎಂದು ಆಗಾಗ ನೆನಪಿಸುತ್ತಲೂ ಇದ್ದರು. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡ ಮೇಲೆ ಅವನ್ನಿಟ್ಟ ಕೋಣೆಗೆ ಅವರು ಕಾಲಿಟ್ಟವರಲ್ಲ. ಎರಡು ವರ್ಷದಲ್ಲಿ ಒಂದೂ ರಿಪೇರಿಗೆ ಬಂದಿಲ್ಲ ಎಂದು ಸಭೆಗಳಲ್ಲಿ ಕೊಚ್ಚಿಕೊಳ್ಳುವುದಕ್ಕಂತೂ ಮರೆತಿರಲಿಲ್ಲ.

ವಿಚಾರಣೆಗೆಂದು ಇಲಾಖೆಯ ವಕೀಲೆ ಸಾಲಿನಾಸ್ ಬಂದರು. ದೂರು ಕೊಟ್ಟ ತಾಯಿ, ಮೀನು ಮಾರುವ ಬಿದಾಯ್, ಹಿಂದೆಯೇ ಬಂದಳು. ದಿಗಾಲರು ಅಂಟು ಅಕ್ಕಿಯ ಸಿಹಿತಿಂಡಿಯ ತಟ್ಟೆ ಮುಂದಿಟ್ಟರು. ಯಾರೂ ಮುಟ್ಟಲಿಲ್ಲ.

“ತಕ್ಷಣ ಯಾಕೆ ಆರಿಸಲಿಲ್ಲ?” ವಕೀಲೆ ಜೊವಿತಾರನ್ನು ಕೇಳಿದರು.

“ಮುಚ್ಚೋಕೆ ನೋಡಿದೆ ಮೇಡಂ, ಆಗ್ಲಿಲ್ಲ. ಕೊನೆಗೆ ಟಿವಿ ಮೇಲೆ ಪರದೆ ಎಳೆದುಹಾಕ್ದೆ.”

“ಹೇಗಾಗುತ್ತೆ?” ದಿಗಾಲರು ಬಾಯಿ ಹಾಕಿದರು. “ಅವು ಒಂದನ್ನ ಮುಚ್ಚಿದ್ರೆ ಮೂರು ತೆರ್ಕೊಳ್ತವೆ.”

ಬಿದಾಯ್ ತಿರುಗಿ ನೋಡಿದಳು. “ನಿಮಗೆ ಹೇಗೆ ಗೊತ್ತು ಸರ್?”

“ಪೇಪರಲ್ಲಿ ಓದಿದ್ದೆ.” ಅವರು ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು.

ವಕೀಲೆ ನಿಧಾನವಾಗಿ ಹೇಳಿದರು. “ಇಂಥವು ಸುಮ್ಮನೆ ಬರಲ್ಲ. ಯಾರೋ ಆ ಕಂಪ್ಯೂಟರಲ್ಲಿ ಮೊದಲೇ ಅವನ್ನ ಹುಡುಕಿರ್ತಾರೆ. ಎದುರಿಗೆ ನಿಂತು ಪಾಠ ಮಾಡಿದ್ರು ಅನ್ನೋ ಒಂದೇ ಕಾರಣಕ್ಕೆ ಟೀಚರನ್ನ ಹೊಣೆ ಮಾಡೋಕಾಗಲ್ಲ. ಕಂಪ್ಯೂಟರ್ ಯಾರ ವಶದಲ್ಲಿತ್ತು ಅಂತ ನೋಡ್ತೀನಿ.”

“ನಾನೂ ಅದನ್ನೇ ಹೇಳ್ತಿರೋದು!” ದಿಗಾಲರಿಗೆ ಜೀವ ಬಂದಂತಾಯಿತು. “ಯಾರ ವಶದಲ್ಲಿತ್ತೋ ಅವರೇ ಹೊಣೆ. ಉಪ್ಪು ತಿಂದವರು ನೀರು ಕುಡೀಲೇಬೇಕು. ಇದರಲ್ಲಿ ದಯೆ ದಾಕ್ಷಿಣ್ಯ ಬೇಡ ಮೇಡಂ.”

“ಸರ್, ಯೋಚನೆ ಮಾಡಿ ಮಾತಾಡಿ,” ಎಂದರು ಜೊವಿತಾ, ಮೆಲ್ಲಗೆ.

“ಯೋಚನೆ ಮಾಡೇ ಹೇಳ್ತಿದೀನಿ. ಕೆಲಸ ಹೋದ್ರೂ ಸರಿ. ಮಕ್ಕಳ ವಿಷಯ ಇದು.”

“ಈ ಮಾತನ್ನ ಹಾಗೇ ಬರ್ಕೊಳ್ಲಾ?” ವಕೀಲೆ ಕೇಳಿದರು.

“ಅಕ್ಷರ ಬಿಡದೆ ಬರ್ಕೊಳ್ಳಿ.”

ವಕೀಲೆ ಬರೆದುಕೊಂಡು ಎದ್ದರು. “ಈಗ ಕಂಪ್ಯೂಟರ್ ನೋಡೋಣ.”

ಜೊವಿತಾ ಸೊಂಟದ ಬೀಗದಕೈ ತೆಗೆದು ಮುಂದೆ ನಡೆದರು. ದಿಗಾಲರು ಅವರನ್ನೂ ದಾಟಿಕೊಂಡು ಧಾವಿಸಿದರು. ಆ ಹೆಂಗಸಿನ ಮುಖ ಬಾಡುವುದನ್ನು ಹತ್ತಿರದಿಂದ ನೋಡುವ ಆಸೆ ಅವರಿಗೆ. ಬಾಗಿಲು ತೆರೆಯಿತು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊರಗೆ ನುಗ್ಗಿತು.

ಗೋಡೆಯುದ್ದಕ್ಕೂ ಹತ್ತು ರಟ್ಟಿನ ಪೆಟ್ಟಿಗೆಗಳಿದ್ದವು. ಹತ್ತರ ಮೇಲೂ ಕಾರ್ಖಾನೆಯ ಟೇಪು ಅಂಟಿಸಿದ ಹಾಗೇ ಇತ್ತು.

“ಗೀರು ಬಿದ್ರೆ ಸಂಬಳ ಮುರೀತೀನಿ ಅಂದ್ರಲ್ಲ ಸರ್,” ಎಂದರು ಜೊವಿತಾ. “ಒಂದನ್ನೂ ಬಿಚ್ಚಿಲ್ಲ.”

ವಕೀಲೆ ಒಂದೊಂದೇ ಟೇಪನ್ನು ಮುಟ್ಟಿ ನೋಡಿ ತಿರುಗಿದರು. “ಹಾಗಾದ್ರೆ ಮಕ್ಕಳು ನೋಡಿದ್ದು ಯಾವುದರಲ್ಲಿ?”

ಜೊವಿತಾ ದಿಗಾಲರ ಮುಖ ನೋಡಿದರು. ಆಕೆಗೆ ನಿಜಕ್ಕೂ ಅಯ್ಯೋ ಅನ್ನಿಸಿತ್ತು.

“ನಿಮ್ಮ ಲ್ಯಾಪ್‌ಟಾಪಲ್ಲಿ ಸರ್. ಪ್ರತಿ ಬುಧವಾರ ನೀವು ದೋಣಿ ಹತ್ತಿದ ಮೇಲೆ, ಮಕ್ಕಳು ನಾಲ್ಕಕ್ಷರ ಕಲೀಲಿ ಅಂತ ನಿಮ್ಮ ಮನೆಯೋರೇ ಕೊಟ್ಟು ಕಳಿಸ್ತಾರೆ.”